ಕವಡೆಯ ಕಿಮ್ಮತ್ತು

ಮಳೆಗಾಲದ ಒಂದು ಸಂಜೆ. ಹೊರಗೆ ಬಿಡದೆ ಸುರಿಯುವ ಜಿಟಿಜಿಟಿ ಮಳೆ. ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಚೌಕಾಬಾರದ ಮನೆಗಳು. ಒಬ್ಬರಿಗೆ ಹುಣಿಸೆಬೀಜ, ಒಬ್ಬರಿಗೆ ಬಳೆಚೂರು, ಇನ್ನೊಬ್ಬರಿಗೆ ಅವರೆಕಾಳು. ಸುತ್ತ ಕುಳಿತವರಲ್ಲಿ ಅಜ್ಜಿಯೇ ಹಿರಿಯ ಆಟಗಾರ್ತಿ. ಆಕೆ ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲುತ್ತಾಳೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ. ನಾಲ್ಕೂ ಬೋರಲಾಗಿ ಬಿದ್ದರೆ ಬಾರ. ಆಟ ಬಿಸಿಯೇರಿದ ಹೊತ್ತಿನಲ್ಲಿ ಒಂದು ಕವಡೆ ಉರುಳಿ ಬೀರುವಿನ ಅಡಿ ಸೇರುತ್ತದೆ. ಮಕ್ಕಳು ನೆಲಕ್ಕೆ ಕೆನ್ನೆಯಿಟ್ಟು ಹುಡುಕತೊಡಗುತ್ತಾರೆ. ಪತ್ರಿಕೆ ಓದುತ್ತಿದ್ದ ಮನೆಯ ಯಜಮಾನರು ತಲೆಯೆತ್ತಿ, "ಕವಡೆ ಕಿಮ್ಮತ್ತಿನ ವಸ್ತುವಿಗೆ ಇಷ್ಟೊಂದು ಹುಡುಕಾಟವೆ?" ಎಂದು ನಗುತ್ತಾರೆ.

ಮಾತು ಹಳೆಯದು. ಯಾವುದಕ್ಕೂ ಬಾರದ ವಸ್ತುವನ್ನು, ಲೆಕ್ಕಕ್ಕೆ ಬಾರದ ಮನುಷ್ಯನನ್ನು ಕನ್ನಡಿಗರು ಅಳೆಯುವುದು ಈ ಕವಡೆಯಿಂದಲೇ. 'ಕವಡೆ ಕಾಸಿನ ಬೆಲೆಯಿಲ್ಲ' ಎಂದರೆ ಅದಕ್ಕಿಂತ ಕೆಳಗೆ ಇಳಿಯಲು ಸ್ಥಳವಿಲ್ಲ. ಆದರೆ ಈ ನಿಂದೆಯ ಮಾತಿನಲ್ಲಿಯೇ ಒಂದು ದೊಡ್ಡ ಕಥೆ ಅಡಗಿದೆ. ಬೆಲೆಯೇ ಇಲ್ಲದ ವಸ್ತುವನ್ನು ಬೆಲೆಯ ಅಳತೆಯಾಗಿ ಯಾರೂ ಹಿಡಿಯುವುದಿಲ್ಲ. ಕವಡೆ ಒಂದು ಕಾಲದಲ್ಲಿ ನಾಣ್ಯವಾಗಿತ್ತು. ಅದನ್ನು ಕೊಟ್ಟು ಜನ ಉಪ್ಪನ್ನೂ ಅಕ್ಕಿಯನ್ನೂ ಕೊಂಡರು, ಅರಸರಿಗೆ ಕಂದಾಯ ತೆತ್ತರು. ಮನುಷ್ಯರನ್ನೂ ಕೊಂಡರು.

ಚಿಪ್ಪಿನೊಳಗಿನ ಜೀವ

ಕವಡೆ ಎಂದೊಡನೆ ಕಣ್ಣಿಗೆ ಕಟ್ಟುವುದು ಬರಿಯ ಚಿಪ್ಪು. ಅದು ಒಂದು ಪ್ರಾಣಿ ತನಗಾಗಿ ಕಟ್ಟಿಕೊಂಡ ಮನೆ ಎಂಬುದು ನೆನಪಾಗುವುದು ಅಪರೂಪ. ಕವಡೆಯು ಬಸವನಹುಳುವಿನ ಬಳಗಕ್ಕೆ ಸೇರಿದ ಒಂದು ಸಣ್ಣ ಕಡಲ ಜೀವಿ. ಕವಡೆಗಳಲ್ಲಿ ನೂರಾರು ಜಾತಿಗಳುಂಟು. ಮುಷ್ಟಿಗಿಂತ ದೊಡ್ಡವೂ ಉಂಟು. ನಾಣ್ಯವಾಗಿ ಮೆರೆದದ್ದು ಅವುಗಳಲ್ಲಿ ಹೆಬ್ಬೆರಳಿನ ತುದಿಯಷ್ಟೇ ಇರುವ, ಹಳದಿ ಬೆರೆತ ಬಿಳಿಯ ಬಣ್ಣದ ಒಂದು ಜಾತಿ. ಸ್ವೀಡನ್ ದೇಶದ ಪ್ರಕೃತಿಶಾಸ್ತ್ರಜ್ಞ ಲಿನೇಯಸ್ ೧೭೫೮ರಲ್ಲಿ ಇದಕ್ಕೆ ಹೆಸರಿಡುವಾಗ 'ಮೊನೇಟ' ಎಂಬ ಲ್ಯಾಟಿನ್ ಪದವನ್ನು ಆರಿಸಿಕೊಂಡನು. ಪ್ರಾಚೀನ ರೋಮಿನಲ್ಲಿ ನಾಣ್ಯ ಅಚ್ಚಾಗುತ್ತಿದ್ದುದು ಜೂನೋ ಮೊನೇಟ ದೇವಿಯ ಗುಡಿಯ ಬಳಿ. ಹಣಕ್ಕೆ ಇಂಗ್ಲಿಷರು ಹೇಳುವ 'ಮನಿ' ಎಂಬ ಮಾತು ಹುಟ್ಟಿದ್ದೂ ಅಲ್ಲಿಂದಲೇ. ಹೀಗೆ ಶಾಸ್ತ್ರಜ್ಞರ ಪಟ್ಟಿಯಲ್ಲಿಯೂ ಈ ಬಡ ಹುಳು 'ಹಣದ ಕವಡೆ' ಎಂದೇ ನೋಂದಣಿಯಾಗಿದೆ.

ಆಫ್ರಿಕದ ಪೂರ್ವತೀರದಿಂದ ಶಾಂತಸಾಗರದ ದ್ವೀಪಗಳವರೆಗೆ, ಹವಳದ ದಿಬ್ಬಗಳ ನಡುವಣ ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಇದರ ವಾಸ. ಹಗಲಿನಲ್ಲಿ ಹವಳದ ಕಲ್ಲುಗಳ ಅಡಿಯಲ್ಲಿ ಅವಿತಿರುತ್ತದೆ. ಇರುಳಾದ ಮೇಲೆ ಹೊರಬಂದು ಬಂಡೆಗಂಟಿದ ಪಾಚಿಯನ್ನು ಕೆರೆದು ತಿನ್ನುತ್ತದೆ. ಮರಿಯಾಗಿದ್ದಾಗ ಇದರ ಚಿಪ್ಪು ತೆಳ್ಳಗೆ, ಸುರುಳಿಯಾಗಿ, ಅಗಲಬಾಯಿಯದಾಗಿ ಉಳಿದ ಬಸವನಹುಳುಗಳ ಚಿಪ್ಪಿನಂತೆಯೇ ಇರುತ್ತದೆ. ಪ್ರಾಯ ಬಂದಂತೆ ತುಟಿಯು ಒಳಮಡಿಚಿ ದಪ್ಪವಾಗುತ್ತದೆ. ಬಾಯಿಯು ಬರಿಯ ಸೀಳಾಗಿ ಕಿರಿದಾಗಿ, ಅದರ ಎರಡು ಅಂಚಿಗೂ ಹಲ್ಲಿನಂತಹ ಗೆರೆಗಳು ಮೂಡುತ್ತವೆ. ಸುರುಳಿಯು ಒಳಗೆ ಹೂತುಹೋಗುತ್ತದೆ. ಅಲ್ಲಿಂದ ಮುಂದೆ ಚಿಪ್ಪು ಗಟ್ಟಿಯಾಗುವುದೇ ಹೊರತು ಉದ್ದ ಬೆಳೆಯುವುದಿಲ್ಲ.

ಕವಡೆಗೆ ಯಾರೂ ಮೆರುಗು ಕೊಡಬೇಕಾಗಿಲ್ಲ. ಆ ಪ್ರಾಣಿಯ ಮೈಯಿಂದ ಎರಡು ತೆಳುವಾದ ಚರ್ಮದ ಮಡಿಕೆಗಳು ಹೊರಚಾಚಿ, ಎರಡು ಪಕ್ಕಗಳಿಂದಲೂ ಮೇಲೇರಿ, ಬೆನ್ನಿನ ಮೇಲೆ ಕೂಡಿ ಇಡೀ ಚಿಪ್ಪನ್ನು ಶಾಲಿನಂತೆ ಹೊದೆಯುತ್ತವೆ. ಸುಣ್ಣವನ್ನು ಪದರಪದರವಾಗಿ ಸುರಿಸಿ ಚಿಪ್ಪನ್ನು ಕಟ್ಟುವುದೂ ನುಣುಪು ಮಾಡುವುದೂ ಈ ಹೊದಿಕೆಯೇ. ಬೇರೆ ಬಸವನಹುಳುಗಳ ಬೆನ್ನು ಮರಳು ಕಲ್ಲುಗಳಿಗೆ ಉಜ್ಜಿ ಒರಟಾದರೆ, ಕವಡೆಯ ಬೆನ್ನು ಜೀವ ಇರುವಷ್ಟು ಕಾಲವೂ ಹೊಸ ಪಿಂಗಾಣಿಯಂತೆ ಹೊಳೆಯುತ್ತದೆ. ಹೆಣ್ಣು ಕವಡೆ ತಾನಿಟ್ಟ ಮೊಟ್ಟೆಗಳ ಗೊಂಚಲಿನ ಮೇಲೆ ಹಕ್ಕಿಯಂತೆ ಕುಳಿತು ಕಾಯುತ್ತದೆ. ತನ್ನ ಚಿಪ್ಪು ಮನುಷ್ಯರ ಲೋಕದಲ್ಲಿ ಏನೇನನ್ನು ಕೊಳ್ಳಬಲ್ಲದು ಎಂಬುದು ಈ ತಾಯಿಗೆ ತಿಳಿಯದು.

ಅಮಾವಾಸ್ಯೆ ಹುಣ್ಣಿಮೆಗಳ ಕೊಯ್ಲು

ಲಕ್ಷದ್ವೀಪದ ಹವಳದ ನೀರಿನಲ್ಲಿ ಕವಡೆ ಉಂಟು. ಆ ಸಮೂಹದ ಅಮೀನದೀವಿ ದ್ವೀಪಗಳು ೧೯೫೬ರವರೆಗೆ ಮಂಗಳೂರಿನ ಜಿಲ್ಲಾಡಳಿತಕ್ಕೆ ಸೇರಿದ್ದವು. ಆದರೆ ಜಗತ್ತಿಗೆ ಕವಡೆ ಒದಗಿಸಿದ ಖ್ಯಾತಿ ಅದರ ದಕ್ಷಿಣಕ್ಕಿರುವ ಮಾಲ್ಡೀವ್ಸ್ ದ್ವೀಪಗಳದು. ಅಲ್ಲಿಯ ಕವಡೆ ಗಾತ್ರದಲ್ಲಿ ಚಿಕ್ಕದು, ಸಂಖ್ಯೆಯಲ್ಲಿ ಅಪಾರ. ಹತ್ತನೆಯ ಶತಮಾನದ ಅರಬ್ ಬರಹಗಾರ ಅಲ್ ಮಸೂದಿಯು ಅಲ್ಲಿಯ ರಾಣಿಯ ಬೊಕ್ಕಸವೇ ಕವಡೆಯೆಂದು ಬರೆದಿದ್ದಾನೆ. ಬೊಕ್ಕಸ ಬರಿದಾದಾಗ ತೆಂಗಿನ ಗರಿಗಳನ್ನು ನೀರಿನ ಮೇಲೆ ಹಾಸುವರಂತೆ. ಅವಕ್ಕೆ ಏರಿ ಅಂಟಿಕೊಂಡ ಕವಡೆಗಳನ್ನು ದಡಕ್ಕೆ ಎಳೆದು ಮರಳಿನಲ್ಲಿ ಹಾಕುವರಂತೆ. ಟಂಕಸಾಲೆಯಿಲ್ಲದೆ, ಅಚ್ಚಿಲ್ಲದೆ, ಅಕ್ಕಸಾಲಿಗನಿಲ್ಲದೆ ಕಡಲಿನಿಂದಲೇ ಹಣ ಎತ್ತುವ ರಾಜ್ಯ!

೧೬೦೨ರಲ್ಲಿ ಹಡಗು ಒಡೆದು ಆ ದ್ವೀಪಗಳಲ್ಲಿ ಸೆರೆಸಿಕ್ಕ ಫ್ರಾನ್ಸ್ ದೇಶದ ಪಿರಾರ್ ಎಂಬವನು ಐದು ವರ್ಷ ಅಲ್ಲಿದ್ದು, ಕಣ್ಣಾರೆ ಕಂಡುದನ್ನು ಬರೆದಿಟ್ಟಿದ್ದಾನೆ. ತಿಂಗಳಿಗೆ ಎರಡು ಸಲ, ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಹಿಂದುಮುಂದಿನ ಮೂರು ಮೂರು ದಿನಗಳಲ್ಲಿ ಕವಡೆಯ ಕೊಯ್ಲು. ಆ ದಿನಗಳಲ್ಲಿ ಕಡಲಿನ ಇಳಿತ ಹೆಚ್ಚು. ಬೇರೆ ಹೊತ್ತಿನಲ್ಲಿ ನೀರು ತುಂಬಿರುವ ಕಲ್ಲುಗಳ ಬುಡ ಆಗ ಕೈಗೆ ಎಟಕುತ್ತದೆ. ಸೊಂಟದ ಮಟ್ಟದ ನೀರಿಗಿಳಿದು ಕವಡೆ ಆರಿಸುವವರು ಹೆಂಗಸರು. ಹೀಗೆ ತಂದುದನ್ನು ಹೊಂಡದಲ್ಲಿ ಹೂಳುವುದು ವಾಡಿಕೆ. ಒಳಗಿನ ಮಾಂಸ ಕೊಳೆತು ಕರಗಿದ ಮೇಲೆ ಚಿಪ್ಪುಗಳನ್ನು ತೊಳೆದು ಒಣಗಿಸಿ, ತೆಂಗಿನ ಗರಿಯ ಬುಟ್ಟಿಗಳಲ್ಲಿ ತುಂಬಿದರೆ ಹನ್ನೆರಡು ಸಾವಿರಕ್ಕೊಂದು ಮೂಟೆ ಸಿದ್ಧವಾಯಿತು. ಬೇರೆ ಸರಕಿಲ್ಲದೆ ಬರಿಯ ಕವಡೆಯನ್ನೇ ಹೇರಿಕೊಂಡು ಮೂವತ್ತು ನಲವತ್ತು ಹಡಗುಗಳು ಬಂಗಾಳಕ್ಕೆ ಹೋಗುವುದನ್ನು ಪಿರಾರ್ ಕಂಡನು. ಹಿಂದಿರುಗುವಾಗ ಅವು ತರುತ್ತಿದ್ದುದು ಅಕ್ಕಿ. ಭತ್ತ ಬೆಳೆಯದ ದ್ವೀಪದ ತಾಯಂದಿರು ಹವಳದ ನೀರಿನಲ್ಲಿ ಬಗ್ಗಿ ಆರಿಸಿದ್ದು ನಿಜವಾಗಿ ತಮ್ಮ ಮಕ್ಕಳ ಅನ್ನವನ್ನು.

ಇದಕ್ಕೂ ಹಿಂದೆ, ಹೊನ್ನಾವರವನ್ನು ಕಂಡು ವರ್ಣಿಸಿದ ಯಾತ್ರಿಕ ಇಬ್ನ್ ಬಟೂಟ ೧೩೪೩ರಲ್ಲಿ ಮಾಲ್ಡೀವ್ಸ್ ಸೇರಿ ಅಲ್ಲಿಯ ನ್ಯಾಯಾಧೀಶನೂ ಆಗಿದ್ದನು. ಅಲ್ಲಿ ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ. ಅಗ್ಗವಾದಾಗ ಹನ್ನೆರಡು ಲಕ್ಷ. ಇದೇ ಮನುಷ್ಯ ೧೩೫೨ರಲ್ಲಿ ಸಹಾರಾ ಮರುಭೂಮಿಯನ್ನು ದಾಟಿ ಪಶ್ಚಿಮ ಆಫ್ರಿಕದ ಮಾಲಿ ರಾಜ್ಯಕ್ಕೆ ಹೋದಾಗ ಅಲ್ಲಿಯ ಪೇಟೆಯಲ್ಲಿಯೂ ಅದೇ ಕವಡೆ ಎದುರಾಯಿತು. ಅಲ್ಲಿಯ ದರ ದೀನಾರಿಗೆ ೧,೧೫೦. ಒಂದೇ ಚಿಪ್ಪು, ಹುಟ್ಟಿದ ನೀರಿನಿಂದ ಮಾಲಿಯ ಪೇಟೆಗೆ ಹೋಗುವಷ್ಟರಲ್ಲಿ ಅದರ ಬೆಲೆ ಸುಮಾರು ಮುನ್ನೂರೈವತ್ತು ಪಟ್ಟು! ಕವಡೆಯ ಮುಂದಿನ ಕಥೆಯೆಲ್ಲ, ಅದರ ಪಾಪವೆಲ್ಲ, ಈ ಎರಡು ದರಗಳ ನಡುವಣ ಅಂತರದಲ್ಲಿಯೇ ಹುಟ್ಟಿತು.

ಲೀಲಾವತಿಯ ಲೆಕ್ಕ, ಸಿಲ್ಹೆಟ್ಟಿನ ಕಂದಾಯ

ನಾಣ್ಯವಾಗಲು ಕವಡೆಗಿದ್ದ ಯೋಗ್ಯತೆಯಾದರೂ ಏನು? ಅದು ಒಡೆಯದು, ಕೊಳೆಯದು, ತುಕ್ಕು ಹಿಡಿಯದು. ಒಂದರಂತೆ ಒಂದಿರುವುದರಿಂದ ಎಣಿಸಬಹುದು. ರಾಶಿಯಾದರೆ ಅಳೆಯಬಹುದು, ತೂಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಖೋಟಾ ಕವಡೆ ಮಾಡಿ ದಕ್ಕಿಸಿಕೊಳ್ಳುವ ಚತುರ ಎಲ್ಲಿಯೂ ಹುಟ್ಟಲಿಲ್ಲ. ಅಸಲಿಗಿಂತ ನಕಲಿಗೇ ಖರ್ಚು ಹೆಚ್ಚು. ಬೆಳ್ಳಿಯ ನಾಣ್ಯ ಸಾಹುಕಾರನ ಪೆಟ್ಟಿಗೆಯದು. ಒಂದು ಹಿಡಿ ಸೊಪ್ಪು, ಒಂದು ಚಿಟಿಕೆ ಉಪ್ಪು ಕೊಳ್ಳುವ ಬಡವಿಗೆ ಅಷ್ಟೇ ಸಣ್ಣ ನಾಣ್ಯ ಬೇಕು. ಆ ನಾಣ್ಯವೇ ಕವಡೆ.

ಚೀನದಲ್ಲಿ ಮೂರು ಸಾವಿರ ವರ್ಷಗಳ ಹಿಂದೆಯೇ ಕವಡೆಗೆ ಗೌರವವಿತ್ತು. ೧೯೭೬ರಲ್ಲಿ ಅಗೆದು ತೆಗೆದ ಫು ಹಾವ್ ಎಂಬ ರಾಣಿಯ ಸಮಾಧಿಯಲ್ಲಿ ಸುಮಾರು ಏಳು ಸಾವಿರ ಕವಡೆಗಳಿದ್ದವು. ಇಂದಿಗೂ ಚೀನೀ ಲಿಪಿಯಲ್ಲಿ ಸಂಪತ್ತು, ವ್ಯಾಪಾರಗಳಿಗೆ ಸಂಬಂಧಿಸಿದ ಅನೇಕ ಅಕ್ಷರಗಳೊಳಗೆ ಕವಡೆಯ ಚಿತ್ರದಿಂದ ಬಂದ ಚಿಹ್ನೆ ಅಡಗಿದೆ. ಭಾರತದಲ್ಲಿ ಐದನೆಯ ಶತಮಾನದ ಚೀನೀ ಯಾತ್ರಿಕ ಫಾಹಿಯಾನನು ಮಧ್ಯದೇಶದ ಜನ ಕೊಳ್ಳುವಲ್ಲಿ ಮಾರುವಲ್ಲಿ ಕವಡೆ ಬಳಸುವುದನ್ನು ಕಂಡಿದ್ದನು.

ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ 'ಲೀಲಾವತಿ' ಗಣಿತಗ್ರಂಥದ ಮೊದಲಲ್ಲೇ ಹಣದ ಕೋಷ್ಟಕ ಬರುತ್ತದೆ. ಅದರ ತಳಪಾಯದ ಕಲ್ಲು 'ವರಾಟಕ', ಎಂದರೆ ಕವಡೆ. ಇಪ್ಪತ್ತು ಕವಡೆಗೆ ಒಂದು ಕಾಕಿಣಿ. ನಾಲ್ಕು ಕಾಕಿಣಿಗೆ ಒಂದು ಪಣ. ಹದಿನಾರು ಪಣಕ್ಕೆ ಒಂದು ದ್ರಮ್ಮ. ಹದಿನಾರು ದ್ರಮ್ಮಕ್ಕೆ ಒಂದು ನಿಷ್ಕ. ಲೆಕ್ಕ ಹಾಕಿದರೆ ದ್ರಮ್ಮಕ್ಕೆ ೧,೨೮೦ ಕವಡೆ, ನಿಷ್ಕಕ್ಕೆ ೨೦,೪೮೦. ಇದು ಕೇವಲ ಪಾಠಶಾಲೆಯ ಕಲ್ಪನೆಯಲ್ಲ. ಬಂಗಾಳದ ಪೇಟೆಯಲ್ಲಿ ನಾಲ್ಕು ಕವಡೆಗೆ ಒಂದು ಗಂಡ, ಇಪ್ಪತ್ತು ಗಂಡಕ್ಕೆ ಒಂದು ಪಣ, ಹದಿನಾರು ಪಣಕ್ಕೆ ಒಂದು ಕಾಹಣ. ಆ ಕಾಹಣವೂ ೧,೨೮೦ ಕವಡೆಯೇ! ಆರುನೂರು ವರ್ಷಗಳ ಬಳಿಕ ಬಂಗಾಳದ ಅಂಗಡಿಕಾರನ ಬೆರಳುಗಳು ಲೀಲಾವತಿಯ ಎಣಿಕೆಯನ್ನೇ ಎಣಿಸುತ್ತಿದ್ದವು.

ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆ ಬಂದಾಗ ಪೂರ್ವ ಬಂಗಾಳದ ಸಿಲ್ಹೆಟ್ ಜಿಲ್ಲೆಯ ಕಂದಾಯ ಸಲ್ಲುತ್ತಿದ್ದುದು ಕವಡೆಯಲ್ಲಿಯೇ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಕಲೆಕ್ಟರನಾಗಿದ್ದ ರಾಬರ್ಟ್ ಲಿಂಡ್ಸೆಯು ತನ್ನ ನೆನಪುಗಳಲ್ಲಿ ಈ ಪೇಚನ್ನು ವಿವರಿಸಿದ್ದಾನೆ. ಜಿಲ್ಲೆಯ ವರಮಾನ ಎರಡೂವರೆ ಲಕ್ಷ ರೂಪಾಯಿ. ರೂಪಾಯಿಗೆ ೫,೧೨೦ ಕವಡೆ. ಗುಣಿಸಿದರೆ ವರ್ಷಕ್ಕೆ ನೂರ ಇಪ್ಪತ್ತೆಂಟು ಕೋಟಿ ಕವಡೆ! ಇದನ್ನು ತುಂಬಲು ದೊಡ್ಡ ದೊಡ್ಡ ಉಗ್ರಾಣಗಳು. ಢಾಕಾಕ್ಕೆ ಸಾಗಿಸಲು ದೋಣಿಗಳ ದಂಡು. ಈ ಏರ್ಪಾಟಿನಲ್ಲಿ ನೂರಕ್ಕೆ ಹತ್ತರಷ್ಟು ನಷ್ಟ. ದಾರಿಯ ಕಳವು ಬೇರೆ. ಇಂದಿನ ಗೃಹಸ್ಥರು ಚಿಲ್ಲರೆಯ ಕಾಟವೆಂದು ಗೊಣಗುವಾಗ ಸಿಲ್ಹೆಟ್ಟಿನ ಕಲೆಕ್ಟರನನ್ನು ಒಮ್ಮೆ ನೆನೆಯಬಹುದು.

ಮನುಷ್ಯನಿಗೆ ಎಷ್ಟು ಕವಡೆ?

ಇಲ್ಲಿಯವರೆಗಿನ ಕಥೆ ಸೋಜಿಗದ್ದು, ಮುಂದಿನದು ಸಂಕಟದ್ದು. ಇಬ್ನ್ ಬಟೂಟ ಕಂಡ ಆ ಎರಡು ದರಗಳ ಅಂತರವನ್ನು ಯೂರೋಪಿನ ವರ್ತಕರೂ ಕಂಡರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು, ಅನಂತರ ಡಚ್ಚರು ಮತ್ತು ಇಂಗ್ಲಿಷರು ಕವಡೆಯನ್ನು ಹಡಗಿಗೇರಿಸಿದರು. ಹಡಗು ಓಲಾಡದಂತೆ ತಳದಲ್ಲಿ ಭಾರ ತುಂಬಲೇಬೇಕಷ್ಟೆ. ಕಲ್ಲು ಮರಳಿನ ಬದಲು ಕವಡೆ ತುಂಬಿದರೆ ಸಾಗಣೆಯ ಖರ್ಚೇ ಇಲ್ಲ. ಹೀಗೆ ಬಟ್ಟೆ ಮೆಣಸುಗಳ ಕೆಳಗೆ ಕವಡೆಯು ಆಫ್ರಿಕದ ತುದಿಯನ್ನು ಬಳಸಿ ಆಮ್‌ಸ್ಟರ್‌ಡ್ಯಾಮ್ ಮತ್ತು ಲಂಡನ್ ನಗರಗಳನ್ನು ಸೇರಿತು. ಅಲ್ಲಿ ಹರಾಜಾಗಿ, ಬೇರೆ ಹಡಗುಗಳನ್ನೇರಿ, ಪಶ್ಚಿಮ ಆಫ್ರಿಕದ ತೀರಕ್ಕೆ ಇಳಿಯಿತು. ಅಲ್ಲಿಯ ಪೇಟೆಗಳಲ್ಲಿ ಕವಡೆ ಆಗಲೇ ಚಲಾವಣೆಯ ಹಣ. ಆ ಹಣಕ್ಕೆ ಪ್ರತಿಯಾಗಿ ವರ್ತಕರು ಬಯಸಿದ ಮುಖ್ಯ ಸರಕು ಮನುಷ್ಯರು.

ಹದಿನೆಂಟನೆಯ ಶತಮಾನವೊಂದರಲ್ಲಿಯೇ ಡಚ್ಚರೂ ಇಂಗ್ಲಿಷರೂ ಕೂಡಿ ಪಶ್ಚಿಮ ಆಫ್ರಿಕಕ್ಕೆ ಸಾಗಿಸಿದ ಕವಡೆ ಸುಮಾರು ಸಾವಿರ ಕೋಟಿ ಎಂದು ಕಂಪೆನಿಗಳ ಲೆಕ್ಕಪುಸ್ತಕಗಳನ್ನು ಶೋಧಿಸಿದ ಇತಿಹಾಸಕಾರರು ಕಂಡುಕೊಂಡಿದ್ದಾರೆ. ಅಲ್ಲಿ ಕವಡೆಯ ಬೆನ್ನಿಗೆ ತೂತು ಕೊರೆದು ನಲವತ್ತರಂತೆ ದಾರಕ್ಕೆ ಪೋಣಿಸುವ ಪದ್ಧತಿಯಿತ್ತು. ಇಪ್ಪತ್ತು ಸಾವಿರದ ಒಂದು ಚೀಲ ಒಬ್ಬಾಳಿನ ತಲೆಹೊರೆ. ೧೬೮೦ರ ದಶಕದಲ್ಲಿ ಒಬ್ಬ ಮನುಷ್ಯನ ಬೆಲೆ ಹತ್ತು ಸಾವಿರ ಕವಡೆಯ ಆಸುಪಾಸಿನಲ್ಲಿತ್ತು. ಹಡಗುಗಳು ಕವಡೆಯನ್ನು ಸುರಿದಂತೆಲ್ಲ ಅದು ಅಗ್ಗವಾಗಿ, ೧೭೭೦ರ ದಶಕದ ಹೊತ್ತಿಗೆ ಆ ಬೆಲೆ ಒಂದೂವರೆ ಲಕ್ಷವನ್ನು ದಾಟಿತು.

ಈ ಅಂಕಿಗಳ ಹಿಂದೆ ಮುಖಗಳಿವೆ. ಗುಲಾಮನಾಗಿ ಮಾರಾಟವಾಗಿ, ಮುಂದೆ ತನ್ನ ಬಿಡುಗಡೆಯನ್ನು ತಾನೇ ಹಣ ತೆತ್ತು ಪಡೆದ ಓಲೌಡಾ ಈಕ್ವಿಯಾನೋ ೧೭೮೯ರಲ್ಲಿ ಲಂಡನ್ನಿನಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದನು. ಬಾಲ್ಯದಲ್ಲಿ ತನ್ನನ್ನೂ ತಂಗಿಯನ್ನೂ ಮನೆಯಿಂದ ಕದ್ದೊಯ್ದದ್ದು, ಇಬ್ಬರನ್ನೂ ಅಗಲಿಸಿದ್ದು, ಕೈಯಿಂದ ಕೈಗೆ ತಾನು ಮಾರಾಟವಾದದ್ದು, ಎಲ್ಲವನ್ನೂ ಅದರಲ್ಲಿ ಹೇಳಿಕೊಂಡಿದ್ದಾನೆ. ಒಂದೂರಿನಲ್ಲಿ ವರ್ತಕನೊಬ್ಬ ಅವನನ್ನು ಬೆರಳಿನ ಉಗುರಿನ ಗಾತ್ರದ ಬಿಳಿಯ ಚಿಪ್ಪುಗಳಿಗೆ ಮಾರಿದನಂತೆ. ಅವುಗಳ ಸಂಖ್ಯೆಯನ್ನು ಅವನು ಮರೆತಿರಲಿಲ್ಲ: ನೂರ ಎಪ್ಪತ್ತೆರಡು. ಕೊಂಡವರು ಮರೆತಾರು, ಮಾರಿದವರು ಮರೆತಾರು. ಮಾರಾಟವಾದ ಹುಡುಗ ಮುದ್ರಣಕ್ಕೆ ಕೊಡುವವರೆಗೂ ಆ ಎಣಿಕೆಯನ್ನು ಎದೆಯಲ್ಲಿ ಇಟ್ಟುಕೊಂಡಿದ್ದನು.

ಅಕ್ಕಿಗಾಗಿ ನೀರಿಗಿಳಿದ ಮಾಲ್ಡೀವ್ಸ್ ಹೆಂಗಸಿಗೂ ಆ ಹುಡುಗನ ತಾಯಿಗೂ ನಡುವೆ ಎರಡು ಮಹಾಸಾಗರಗಳಿದ್ದವು. ಒಬ್ಬಳು ಮಗುವಿನ ಅನ್ನಕ್ಕೆಂದು ಆರಿಸಿದ ಚಿಪ್ಪು ಇನ್ನೊಬ್ಬಳ ಮಗುವಿನ ಬೆಲೆಯಾಯಿತು. ಒಬ್ಬಳ ಮುಖ ಇನ್ನೊಬ್ಬಳಿಗೆ ತಿಳಿಯಲೇ ಇಲ್ಲ.

ನಾಣ್ಯ ಚಿಪ್ಪಾದ ಬಗೆ

ಕವಡೆಯ ರಾಜ್ಯಭಾರ ಒಂದೇ ದಿನದಲ್ಲಿ ಮುಗಿಯಲಿಲ್ಲ. ಕಂಪೆನಿಯು ೧೮೦೩ರಲ್ಲಿ ಒಡಿಶಾವನ್ನು ವಶಪಡಿಸಿಕೊಂಡ ಮೇಲೆ ಕಂದಾಯವನ್ನು ಕವಡೆಯಲ್ಲಿ ಸ್ವೀಕರಿಸುವುದನ್ನು ಬಿಟ್ಟು ಬೆಳ್ಳಿಯ ರೂಪಾಯಿಯಲ್ಲಿಯೇ ಕೇಳಿತು. ರೈತನ ಮನೆಯಲ್ಲಿದ್ದುದು ಕವಡೆಯ ಗಂಟು. ಸರಕಾರ ಕೇಳುವುದು ಬೆಳ್ಳಿ. ಎಲ್ಲರೂ ಏಕಕಾಲದಲ್ಲಿ ಬೆಳ್ಳಿಗಾಗಿ ಸಾಹುಕಾರನ ಬಳಿಗೆ ಓಡಿದಾಗ ಕವಡೆಯ ದರ ಕುಸಿಯಿತು. ತಲೆಮಾರುಗಳ ಉಳಿತಾಯ ಕಣ್ಣೆದುರಿಗೇ ಕರಗಿತು. ೧೮೧೭ರಲ್ಲಿ ಬಕ್ಷಿ ಜಗಬಂಧುವಿನ ಮುಂದಾಳುತನದಲ್ಲಿ ಎದ್ದ ಪೈಕರ ದಂಗೆಗೆ ಇತಿಹಾಸಕಾರರು ಕೊಡುವ ಕಾರಣಗಳಲ್ಲಿ ಕವಡೆಯ ರದ್ದತಿಯೂ ಒಂದು. ಬಡವನ ನಾಣ್ಯವನ್ನು ಒಂದು ಆಜ್ಞೆಯಿಂದ ಬರಿಯ ಚಿಪ್ಪಾಗಿಸಿದರೆ ಏನಾದೀತೆಂಬುದಕ್ಕೆ ಅದು ಸಾಕ್ಷಿ.

ಆಫ್ರಿಕದಲ್ಲಿ ನಡೆದುದು ಬೇರೆ ಬಗೆ. ೧೮೦೭ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅನಂತರ ತಾಳೆಯೆಣ್ಣೆಯ ವ್ಯಾಪಾರಕ್ಕೆ ಕವಡೆ ಬೇಕಾಯಿತು. ೧೮೪೫ರಿಂದ ಈಚೆಗೆ ಹ್ಯಾಂಬರ್ಗ್ ನಗರದ ವರ್ತಕರು ಜಾಂಜಿಬಾರ್ ತೀರದಿಂದ ಇನ್ನೊಂದು ಜಾತಿಯ ಕವಡೆಯನ್ನು ತಂದು ಸುರಿದರು. ಬೆನ್ನಿನ ಮೇಲೆ ಬಂಗಾರದ ಬಣ್ಣದ ಉಂಗುರವಿರುವ ಈ ಕವಡೆ ಗಾತ್ರದಲ್ಲಿ ದೊಡ್ಡದು, ಕೊಳ್ಳಲು ಅಗ್ಗ. ಪೇಟೆಗಳಲ್ಲಿ ಕವಡೆಯ ಪ್ರವಾಹವೇ ಹರಿದು, ಕೊನೆಗೆ ಹೊರುವ ಕೂಲಿಗೇ ಹೊರೆಯ ಬೆಲೆ ಸಾಲದಾಯಿತು. ನೈಜೀರಿಯದಲ್ಲಿ ಬ್ರಿಟಿಷರು ೧೯೦೪ರಲ್ಲಿ ಕವಡೆಯ ಆಮದನ್ನೇ ನಿಲ್ಲಿಸಿದರು. ಹಳೆಯ ಕುಟುಂಬಗಳು ಮಡಕೆಗಳಲ್ಲಿ ಹೂತಿಟ್ಟ ನಿಧಿ ಸುಣ್ಣದ ರಾಶಿಯಾಯಿತು. ಆದರೂ ಆ ನೆಲ ಕವಡೆಯನ್ನು ಮರೆಯಲಿಲ್ಲ. ಸ್ವತಂತ್ರ ಘಾನಾ ದೇಶವು ೧೯೬೫ರಲ್ಲಿ ತನ್ನ ಹೊಸ ಹಣಕ್ಕೆ 'ಸೇಡಿ' ಎಂದು ಹೆಸರಿಟ್ಟಿತು. ಅಲ್ಲಿಯ ಅಕಾನ್ ಭಾಷೆಯಲ್ಲಿ ಕವಡೆಗಿರುವ ಮಾತಿನಿಂದ ಹುಟ್ಟಿದ ಹೆಸರದು.

ಕರ್ನಾಟಕದಲ್ಲಿ ಕವಡೆ ಪೇಟೆಯನ್ನು ಬಿಟ್ಟಿತು, ಜನಜೀವನವನ್ನು ಬಿಡಲಿಲ್ಲ. ಸವದತ್ತಿಯ ಎಲ್ಲಮ್ಮನ ಜೋಗತಿಯರ ಕೊರಳಿನಲ್ಲಿ ಕವಡೆಯ ಸರ. ಲಂಬಾಣಿ ಹೆಂಗಸರ ಕಸೂತಿಯಲ್ಲಿ ಕವಡೆಯ ಸಾಲು. ಹಬ್ಬದ ದಿನ ಎತ್ತಿನ ಕೊರಳಿಗೆ ಕವಡೆಯ ಪಟ್ಟಿ. ಶಾಸ್ತ್ರ ಹೇಳುವವನ ಮಣೆಯ ಮೇಲೆ ಇಂದಿಗೂ ಕವಡೆ ಉರುಳುತ್ತದೆ. ಕಡಲನ್ನೇ ಕಾಣದ ಬಯಲುಸೀಮೆಯ ಹಳ್ಳಿಯಲ್ಲಿಯೂ ಕಡಲಿನ ಈ ತುಣುಕು ಮನೆಮನೆಯ ವಸ್ತು.

ಹವಳದ ನೀರಿನಲ್ಲಿ ಕವಡೆಯ ಹುಳು ಇಂದಿಗೂ ತನ್ನ ಚಿಪ್ಪನ್ನು ಕಟ್ಟುತ್ತಲೇ ಇದೆ. ಅದರ ಕಷ್ಟ ಈಗ ಬೇರೆ: ಕಡಲು ಕಾಯ್ದು ೧೯೯೮ರಲ್ಲಿ ಮಾಲ್ಡೀವ್ಸ್, ಲಕ್ಷದ್ವೀಪಗಳ ಹವಳ ಬೆಳ್ಳಗೆ ಬಿಳಿಚಿಕೊಂಡಿತು, ಆಮೇಲೂ ಹಾಗಾದುದುಂಟು. ಹವಳದ ಕಲ್ಲಿನ ಆಸರೆಯಲ್ಲಿ ಬಾಳುವ ಜೀವಿಗೆ ಅದು ಸಣ್ಣ ಮಾತಲ್ಲ. ಮನುಷ್ಯನು ಅದರ ಬೆನ್ನಿನ ಮೇಲೆ ಬರೆದ ಬೆಲೆಗಳೆಲ್ಲ ಅಳಿಸಿಹೋದವು. ಆ ಹುಳು ತನ್ನ ಬದುಕಿಗಾಗಿ ಕೊಟ್ಟುಕೊಂಡ ಮೆರುಗು ಮಾತ್ರ ಉಳಿದಿದೆ.

ನಡುಮನೆಯಲ್ಲಿ ಹುಡುಕಾಟ ಮುಗಿದಿದೆ. ಕಸಬರಿಕೆಯ ಹಿಡಿಯಿಂದ ಎಳೆದು, ಧೂಳು ಮೆತ್ತಿದ ಕವಡೆಯನ್ನು ಮೊಮ್ಮಗಳು ಅಜ್ಜಿಯ ಕೈಗೆ ಕೊಡುತ್ತಾಳೆ. ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸುತ್ತಾಳೆ. ಇದು ಅವಳ ತಾಯಿ ಆಡಿದ ಕವಡೆ. ಅದಕ್ಕೂ ಹಿಂದೆ ಯಾವ ಕೈಗಳಲ್ಲಿತ್ತೋ, ಯಾವ ನೀರಿನಿಂದ ಬಂದಿತೋ. ಒರೆಸಿದಷ್ಟಕ್ಕೇ ಅದು ಮತ್ತೆ ಹೊಳೆಯುತ್ತದೆ. ಯಜಮಾನರು ಪತ್ರಿಕೆಯನ್ನು ಮಡಿಚಿಟ್ಟು, "ನನಗೂ ಒಂದು ಮನೆ ಬಿಡಿ" ಎಂದು ಚೌಕದ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ನಾಲ್ಕು ಕವಡೆಗಳು ಮತ್ತೊಮ್ಮೆ ಅಂಗೈಯಲ್ಲಿ ಕುಲುಕುತ್ತವೆ.